ಕೆಮ್ಮದ ಕ್ಷಯ

ನನ್ನ ಅಕ್ಕನ ಮಗ ಉಪನಗರದ ಒಂದು ಹೋಟೆಲಿನಲ್ಲಿ ಮಾಣಿ. ರಜೆಯ ದಿನ ನಮ್ಮ ಖೋಲಿಗೆ ಬಂದು, ಉಂಡು, ಮಲಗಿ, ಸಂಜೆಗೆ ಹೊರಡುವುದು ಅವನ ವಾಡಿಕೆ. ಕಳೆದ ಮಳೆಗಾಲದಲ್ಲಿ ಅವನ ಅಂಗಿ ಮೈಮೇಲೆ ಜೋಲುವುದನ್ನು ಮೊದಲು ಕಂಡವಳು ನನ್ನ ಹೆಂಡತಿ. “ಆರು ದೋಸೆ ತಿನ್ನುತ್ತಿದ್ದವ ಎರಡಕ್ಕೇ ಕೈ ತೊಳೀತಾನೆ” ಎಂದಳು. ಕೆಮ್ಮು ಇರಲಿಲ್ಲ, ಜ್ವರವೂ ಇದ್ದಂತಿರಲಿಲ್ಲ.

ಆ ದಿನವೇ ನಮ್ಮ ಚಾಳಿನ ಬಳಿ ಕ್ಷಯರೋಗ ತಪಾಸಣೆಯ ಶಿಬಿರ. ಕೈಯಲ್ಲಿ ಹೊತ್ತು ತರುವಂಥ ಸಣ್ಣ ಎಕ್ಸ್‌ರೇ ಯಂತ್ರ. ಪುಕ್ಕಟೆ ಆಗುತ್ತದಲ್ಲ ಎಂಬ ಗುಮಾಸ್ತನ ಬುದ್ಧಿಯಿಂದ ಅವನನ್ನೂ ಎಳೆದುಕೊಂಡು ಹೋದೆ. ಚಿತ್ರದಲ್ಲಿ ಶ್ವಾಸಕೋಶದ ಮೇಲ್ಭಾಗದಲ್ಲಿ ಮಚ್ಚೆ ಕಂಡಿತು. ಎಕ್ಸ್‌ರೇ ಹುಟ್ಟಿಸುವುದು ಸಂಶಯ ಮಾತ್ರ. ತೀರ್ಪು ಕೊಡುವುದು ಕಫದ ಪರೀಕ್ಷೆ. ಎರಡು ದಿನದಲ್ಲಿ ಆ ತೀರ್ಪೂ ಬಂತು.

“ಮಾವ, ಊರಿಗೆ ಫೋನು ಮಾಡಬೇಡಿ” ಎಂದ. ಸ್ವಲ್ಪ ತಡೆದು, “ಧಣಿಗಂತೂ ಹೇಳಲೇಬೇಡಿ.” ಅವನ ಭಯ ರೋಗದ್ದಲ್ಲ, ಹೋಟೆಲಿನ ಅಟ್ಟದ ಮೇಲಿನ ಚಾಪೆಯಗಲದ ಜಾಗದ್ದು. ಹೋಟೆಲಿನವನ ಕೆಲಸ ಹೋಯಿತೆಂದರೆ ಊಟ, ಬಿಡಾರ ಎರಡೂ ಅದರ ಹಿಂದೆಯೇ ಹೋದಂತೆ.

ಕ್ಷಯವಿದ್ದವರು ತಾವಾಗಿ ಆಸ್ಪತ್ರೆಗೆ ಬರುತ್ತಾರೆಂಬ ಹಳೆಯ ನಂಬಿಕೆಗೆ ಆಧಾರವಿಲ್ಲದೆ ಇರಲಿಲ್ಲ. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ರೋಗಿಗಳನ್ನು ಹುಡುಕಿ ಮಾತನಾಡಿಸಿದ್ದರು. ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬವರು 1963ರಲ್ಲಿ ಪ್ರಕಟಿಸಿದಂತೆ, ಸುಮಾರು ಅರ್ಧದಷ್ಟು ಮಂದಿ ಅದಾಗಲೇ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದರು. ಹೆಚ್ಚಿನವರಿಗೆ ಅಲ್ಲಿ ಸಿಕ್ಕಿದ್ದು ಕೆಮ್ಮಿನ ಔಷಧದ ಶೀಷೆ! ಬಂದವರನ್ನು ಸರಿಯಾಗಿ ಪರೀಕ್ಷಿಸಿದರೆ ಸಾಕೆಂದು ಆಗ ತೋರಿದ್ದು ಸಹಜವೇ. ಆದರೆ ಬಾರದವರ ಗತಿಯೇನು? 2019ರಿಂದ 2021ರವರೆಗೆ ದೇಶದಲ್ಲಿ ನಡೆದ ಸಮೀಕ್ಷೆಯಲ್ಲಿ, ಎಕ್ಸ್‌ರೇ ತೆಗೆಯದೆ ಬರೇ ಲಕ್ಷಣಗಳನ್ನು ಕೇಳಿದ್ದರೆ ನೂರರಲ್ಲಿ 40ಕ್ಕೂ ಹೆಚ್ಚು ರೋಗಿಗಳು ತಪ್ಪಿಹೋಗುತ್ತಿದ್ದರೆಂದು ತಿಳಿಯಿತು. ನಮ್ಮ ಹುಡುಗ ಈ ಲೆಕ್ಕದವನು.

ಎಲ್ಲರಿಗೂ ಎಕ್ಸ್‌ರೇ ತೆಗೆಯುವುದು ಆಗದ ಮಾತು. ಆದ್ದರಿಂದ ರೋಗಿಯ ಮನೆಯವರು, ಹಿಂದೊಮ್ಮೆ ಕ್ಷಯ ಬಂದಿದ್ದವರು, ಸಕ್ಕರೆ ಕಾಯಿಲೆಯವರು, ಎಚ್‌ಐವಿ ಇದ್ದವರು, ಮೈಯಲ್ಲಿ ಮಾಂಸವಿಲ್ಲದವರು, ಬೀಡಿ ಮತ್ತು ಕುಡಿತದವರು, 60 ದಾಟಿದವರು, ಇಂಥವರನ್ನು ಮೊದಲು ನೋಡುತ್ತಾರೆ. ಕಲ್ಲಿನ ಧೂಳು ಕುಡಿಯುವ ಕೂಲಿಯವರೂ ಈ ಸಾಲಿನವರೇ. ಮುಂಬಯಿಯ ನಾಕಾಗಳಲ್ಲಿ ಬೆಳಿಗ್ಗೆ ನಿಲ್ಲುವ ಕಲಬುರಗಿ, ವಿಜಯಪುರದ ನಮ್ಮವರಲ್ಲಿ ಅಂಥವರಿಲ್ಲವೇ? ಗಾಳಿಬೆಳಕಿಲ್ಲದ ಕಡೆ ಒತ್ತಾಗಿ ಮಲಗುವವರನ್ನಂತೂ ಬಿಡುವಂತಿಲ್ಲ.

ನನ್ನ ಮನೆಯಲ್ಲೂ ತಪಾಸಣೆಯಾಯಿತು. ಆರೋಗ್ಯ ಕಾರ್ಯಕರ್ತೆ ಬಾಗಿಲಿಗೆ ಬಂದಾಗ ಇಡೀ ಚಾಳು ಇಣುಕಿತು. ಹೆಂಡತಿ ಎರಡು ದಿನ ನಲ್ಲಿಯ ಬಳಿ ಯಾರೊಡನೆಯೂ ಮಾತಾಡಲಿಲ್ಲ. ನಾಲ್ಕು ವರ್ಷದ ಮಗಳಿಗೆ ರೋಗವಿರಲಿಲ್ಲ. ಆದರೂ ಬಾರದಿರಲೆಂದು ಮಾತ್ರೆ ಕೊಟ್ಟರು. ಐದು ವರ್ಷದೊಳಗಿನ ಮಕ್ಕಳಿಗೆ ಈ ರೋಗ ಬೇಗ ಬಲಿಯುತ್ತದಂತೆ.

ಹೋಟೆಲಿನ ಅಟ್ಟದಲ್ಲಿ ಅವನ ಜೊತೆ ಮಲಗುತ್ತಿದ್ದವರು ಆರು ಮಂದಿ. ಅವರನ್ನು ಕಳಿಸಿರೆಂದು ಕೇಳಲು ಕೊನೆಗೆ ನಾನೇ ಹೋದೆ. ಗಲ್ಲೆಯಲ್ಲಿದ್ದ ಧಣಿಯವರು ಕೆಟ್ಟವರಲ್ಲ. “ಗಿರಾಕಿಗಳಿಗೆ ಗೊತ್ತಾದರೆ ಅಂಗಡಿ ಮುಚ್ಚಬೇಕಾದೀತು, ಮಾರಾಯ್ರೇ” ಎಂದರು. ಹುಡುಗನ ತಟ್ಟೆ, ಲೋಟಗಳನ್ನು ಆಗಲೇ ಬಿಸಾಡಿದ್ದರು. ಕ್ಷಯ ಹರಡುವುದು ಗಾಳಿಯಲ್ಲಿ, ತಟ್ಟೆಯಲ್ಲಲ್ಲ. ಔಷಧ ನಾಟಿದರೆ ಕೆಲವು ವಾರಗಳಲ್ಲಿಯೇ ಹರಡುವ ಭಯ ಬಹಳ ಮಟ್ಟಿಗೆ ಇಳಿಯುತ್ತದೆ. ಮನೆಯಲ್ಲಿದ್ದೇ ಔಷಧ ತೆಗೆದುಕೊಂಡವರೂ ಸ್ಯಾನಿಟೋರಿಯಮ್ಮಿನಲ್ಲಿದ್ದವರಷ್ಟೇ ಗುಣವಾಗುತ್ತಾರೆಂದು ಮದರಾಸಿನ ಪ್ರಯೋಗ 1959ರಲ್ಲಿಯೇ ತೋರಿಸಿತ್ತು. ಇಷ್ಟೆಲ್ಲ ಹೇಳಿದರೂ ಅವರು ಒಪ್ಪಿದ್ದು ಬೇರೆ ಮಾತಿಗೆ: “ಇನ್ನೊಬ್ಬ ಮಲಗಿದರೆ ಅಡಿಗೆಮನೆ ಯಾರು ನೋಡುತ್ತಾರೆ?”

ಐವರು ಹೋದರು. ಒಬ್ಬನಲ್ಲಿ ರೋಗ ಕಂಡಿತು, ಅವನಿಗೂ ಕೆಮ್ಮಿರಲಿಲ್ಲ. ಈಗ ಇಬ್ಬರೂ ಪಾಲಿಕೆಯ ದವಾಖಾನೆಯ ಉಚಿತ ಮಾತ್ರೆ ನುಂಗುತ್ತಿದ್ದಾರೆ. ಆಹಾರಕ್ಕೆಂದು ಸರಕಾರ ಕೊಡುವ ಹಣ 2024ರ ನವೆಂಬರಿನಿಂದ ತಿಂಗಳಿಗೆ 1000 ರೂಪಾಯಿ. ಬ್ಯಾಂಕಿನ ಕಾಗದಪತ್ರ ನಾನೇ ತುಂಬಿಸಿಕೊಟ್ಟೆ; ಆ ವಿದ್ಯೆಯೊಂದು ನನಗೆ ಬರುತ್ತದೆ. ಅಳಿಯನಿಗೆ ನಾಲ್ಕನೆಯ ತಿಂಗಳು. ದೋಸೆ ಐದಕ್ಕೆ ಏರಿದೆ.

ಆರನೆಯವನು ತಪಾಸಣೆಯ ಹಿಂದಿನ ರಾತ್ರಿ ಪೆಟ್ಟಿಗೆ ಕಟ್ಟಿ ಊರ ಬಸ್ಸು ಹತ್ತಿದ. ಅವನ ಫೋನು ಹತ್ತುವುದಿಲ್ಲ. ಕಾರ್ಯಕರ್ತೆಯ ಪುಸ್ತಕದಲ್ಲಿ ಅವನ ಹೆಸರಿನ ಮುಂದಿನ ಮನೆ ಇನ್ನೂ ಖಾಲಿ ಇದೆ. ಅವಳು ಬಂದಾಗಲೆಲ್ಲ ನನ್ನನ್ನು ಕೇಳುತ್ತಾಳೆ.