ಕೇಳಿ ಅರಿಯಬೇಕಾದ ಸಾಹಿತ್ಯ: ಮಾಲ್ಟಾ ದ್ವೀಪದ ಕಾವ್ಯ-ಕಥಾ ವಾಚನ

ಸಿಸಿಲಿಯ ದಕ್ಷಿಣಕ್ಕೆ, ಮೆಡಿಟರೇನಿಯನ್ ಸಮುದ್ರದ ನಡುವೆ, ಸುಣ್ಣಕಲ್ಲಿನ ಪುಟ್ಟ ದ್ವೀಪಗಳಲ್ಲಿ ವಾಸಿಸುವ ಐದು ಲಕ್ಷಕ್ಕೆ ತುಸು ಮೀರಿದ ಜನರಿಗೆ ತಮ್ಮದೇ ಆದ ಒಂದು ಭಾಷೆಯೂ ಆ ಭಾಷೆಯಲ್ಲಿ ಒಂದು ಸಾಹಿತ್ಯವೂ ಉಂಟು. ಅರಬ್ಬಿಯ ವಂಶದಲ್ಲಿ ಹುಟ್ಟಿ, ಸಿಸಿಲಿ ಮತ್ತು ಇಟಲಿಯ ನುಡಿಗಳ ದೀರ್ಘ ಸಹವಾಸದಿಂದ ಶಬ್ದಸಂಪತ್ತನ್ನು ಬೆಳೆಸಿಕೊಂಡು, ಲ್ಯಾಟಿನ್ ಲಿಪಿಯಲ್ಲಿ ಬರೆಯಲ್ಪಡುವ ಈ ಮಾಲ್ಟೀಸ್ ಭಾಷೆಯು 2004ರಿಂದ ಯುರೋಪಿಯನ್ ಒಕ್ಕೂಟದ ಅಧಿಕೃತ ಭಾಷೆಗಳಲ್ಲಿ ಏಕೈಕ ಸೆಮಿಟಿಕ್ ಭಾಷೆಯೆಂಬ ಗೌರವಕ್ಕೆ ಪಾತ್ರವಾಗಿದೆ. ಇದರ ಕಥೆ ಕವನಗಳನ್ನು ಪುಸ್ತಕದಿಂದ ಓದಿಕೊಳ್ಳುವುದು ಸಾಧ್ಯವೇ ಆದರೂ, ಬಲ್ಲವರು ಸಭೆಯಲ್ಲಿ ಗಟ್ಟಿಯಾಗಿ ಓದುವಾಗ ಕೇಳದೆ ಹೋದವನಿಗೆ ಅದರ ಅರ್ಧಾಂಶ ಅಗೋಚರವಾಗಿಯೇ ಉಳಿಯುವುದೆಂದು ನಾನು ದೃಢವಾಗಿ ನಂಬಿದ್ದೇನೆ.

ಈ ನಂಬಿಕೆಗೆ ಮೊದಲ ಆಧಾರ ಅಲ್ಲಿನ ಚರಿತ್ರೆಯಲ್ಲಿಯೇ ಇದೆ. ನ್ಯಾಯಾಲಯವೂ ಧರ್ಮಪೀಠವೂ ವಿದ್ವಜ್ಜನರೂ ಶತಮಾನಗಳ ಕಾಲ ಲ್ಯಾಟಿನ್ ಮತ್ತು ಇಟಾಲಿಯನ್ ಭಾಷೆಗಳನ್ನೇ ಬರವಣಿಗೆಗೆ ಬಳಸುತ್ತಿದ್ದುದರಿಂದ, ಮಾಲ್ಟೀಸ್ ಎಂಬುದು ಹೊಲದ, ಬಂದರಿನ, ಅಡಿಗೆಮನೆಯ ಮಾತೆಂದು ಉಪೇಕ್ಷೆಗೆ ಗುರಿಯಾಗಿ, ಲೇಖನಿಗೆ ಯೋಗ್ಯವಲ್ಲದ್ದೆಂಬ ಅಪವಾದವನ್ನು ಹೊತ್ತುಕೊಂಡೇ ಬದುಕಿತು. ಈಗ ಲಭ್ಯವಿರುವ ಅತ್ಯಂತ ಪ್ರಾಚೀನ ಮಾಲ್ಟೀಸ್ ಪದ್ಯವಾದರೂ ಹೇಗೆ ಉಳಿಯಿತು? 1485ರಲ್ಲಿ ತೀರಿಕೊಂಡ ಪೀಟ್ರು ಕಾಷಾರೊ ಎಂಬ ಕವಿಯ ಇಪ್ಪತ್ತು ಸಾಲುಗಳನ್ನು, ಅವನ ವಂಶದವನೇ ಆದ ಬ್ರಾಂದಾನೊ ಎಂಬ ದಸ್ತಾವೇಜು ಬರೆಯುವ ನೋಟರಿಯು, ಹದಿನಾರನೆಯ ಶತಮಾನದಲ್ಲಿ ತನ್ನ ದಫ್ತರದ ಒಂದು ಪುಟದಲ್ಲಿ ಬರೆದಿಟ್ಟನು. ಆ ಪುಟವನ್ನು ಗಾಡ್‌ಫ್ರಿ ವೆಟಿಂಜರ್ ಮತ್ತು ಮಿಕಿಯೆಲ್ ಫ್ಸಾದ್ನಿ ಎಂಬ ಇಬ್ಬರು ಸಂಶೋಧಕರು 1966ರಲ್ಲಿ ಕಂಡುಹಿಡಿಯುವವರೆಗೆ ಆ ಕವಿತೆಯ ಸುಳಿವೇ ಲೋಕಕ್ಕೆ ಇರಲಿಲ್ಲ. ‘ಕಾಂತಿಲೇನಾ’ ಎಂದು ಪ್ರಸಿದ್ಧವಾದ ಈ ಪದ್ಯವು ಕುಸಿದುಬಿದ್ದ ಮನೆಯನ್ನು ನೆಪವಾಗಿಟ್ಟುಕೊಂಡು ಭಗ್ನವಾದ ಆಸೆಯನ್ನು ಕುರಿತು ಮಾತನಾಡುತ್ತದೆ. ಇಂದಿನ ಮಾಲ್ಟಾದವರಿಗೂ ಅದರ ಎಷ್ಟೋ ಪದಗಳು ವಿವರಣೆಯಿಲ್ಲದೆ ತಿಳಿಯಲಾರವು. ಹಾಗಿದ್ದರೂ ಅದನ್ನು ವೇದಿಕೆಯ ಮೇಲೆ ಓದಿದಾಗ ಪ್ರಾಸವೂ ಪುನರುಕ್ತಿಯೂ ಶ್ರೋತೃಗಳ ಕಿವಿಗೆ ಪರಿಚಿತವಾಗಿಯೇ ಕೇಳುತ್ತವೆ. ಏಕೆಂದರೆ ಅಂತಹ ಪ್ರಾಸಬದ್ಧ ನುಡಿಯನ್ನು ಅವರು ಹಾಡುಗಾರರ ಬಾಯಲ್ಲಿ ಬಾಲ್ಯದಿಂದ ಕೇಳುತ್ತ ಬಂದವರು.

ಆ ಹಾಡಿನ ಹೆಸರು ‘ಆನಾ’. ಅದರಲ್ಲಿ ಹಲವು ಪ್ರಭೇದಗಳುಂಟು. ಅವುಗಳ ಪೈಕಿ ‘ಸ್ಪಿರ್ತು ಪ್ರೊಂಟ್’ ಎಂಬುದು ಆಶುಕವಿಗಳ ಸ್ಪರ್ಧೆ. ಗಿಟಾರ್ ವಾದಕರ ಸಮ್ಮುಖದಲ್ಲಿ ಎದುರಾಳಿಗಳು ಒಬ್ಬರಾದ ಮೇಲೆ ಒಬ್ಬರು ನಾಲ್ಕು ಸಾಲುಗಳ ಪದ್ಯವನ್ನು ಸ್ಥಳದಲ್ಲಿಯೇ ಕಟ್ಟಿ ಹಾಡಬೇಕು. ಎರಡನೆಯ ಮತ್ತು ನಾಲ್ಕನೆಯ ಸಾಲುಗಳಿಗೆ ಪ್ರಾಸ ಕೂಡಬೇಕು. ಎದುರಾಳಿಯ ಮಾತನ್ನು ಹಿಡಿದು ಅವನಿಗೇ ತಿರುಗಿಸಬೇಕು. ಇಬ್ಬರ ಸರದಿಗಳ ನಡುವೆ ಮುಖ್ಯ ಗಿಟಾರ್ ತನ್ನ ಮನೋಧರ್ಮಕ್ಕೆ ತಕ್ಕಂತೆ ವಿಸ್ತರಿಸುವ ಸ್ವರಗಳೇ ಮುಂದಿನ ಗಾಯಕನಿಗೆ ಯೋಚಿಸಲು ದೊರೆಯುವ ಅವಕಾಶ. ‘ತಾಲ್-ಫಾತ್’ ಎಂಬ ಇನ್ನೊಂದು ಪ್ರಭೇದವು ಕೊಲೆ, ನೌಕಾಘಾತ, ದುರಂತ ಪ್ರೇಮ ಮೊದಲಾದ ಘಟನೆಗಳನ್ನು ದೀರ್ಘವಾಗಿ ಕಥಿಸುವ ಲಾವಣಿ. ಪುಸ್ತಕ ಕೊಳ್ಳದ, ಕೊಂಡರೂ ಓದಲಾರದ ರೈತನಿಗೂ ಬಂದರಿನ ಕೂಲಿಗೂ ಕಾವ್ಯವೂ ಕಥೆಯೂ ಈ ಎರಡು ಮಾರ್ಗಗಳಿಂದ ದೊರೆಯುತ್ತಿದ್ದವು. 2021ರಲ್ಲಿ ಯುನೆಸ್ಕೊ ಸಂಸ್ಥೆಯು ಆನಾ ಗಾಯನವನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅದು ಯೋಗ್ಯವಾದ ಮನ್ನಣೆಯೇ ಸರಿ.

ಹಾಡಿಗೆ ಹೊರತಾದ, ಬರಿಯ ಮಾತಿನ ಶಿಕ್ಷಣವೂ ಅಲ್ಲಿ ಬೇಕಾದಷ್ಟಿತ್ತು. ಮಾನ್ವೆಲ್ ಮಾಗ್ರಿ ಎಂಬ ಜೆಸ್ಯೂಟ್ ಪಾದ್ರಿಯು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಾಲ್ಟಾ ಮತ್ತು ಗೋಜೋ ದ್ವೀಪಗಳ ಜನರ ಬಾಯಿಂದಲೇ ಕೇಳಿ ಅವರ ಕಥೆಗಳನ್ನು ಬರೆದುಕೊಂಡು ಪ್ರಕಟಿಸಿದನು. ಕ್ರಿಸ್‌ಮಸ್ ರಾತ್ರಿಯ ಪೂಜೆಯಲ್ಲಿ ಪಾದ್ರಿಯ ಬದಲು ಒಬ್ಬ ಪುಟ್ಟ ಬಾಲಕನೋ ಬಾಲಕಿಯೋ, ವಾರಗಟ್ಟಲೆ ಅಭ್ಯಾಸಮಾಡಿ ಕಂಠಪಾಠ ಮಾಡಿಕೊಂಡ ಪ್ರವಚನವನ್ನು ಇಡೀ ಊರಿನ ಎದುರಿಗೆ ನಿಂತು ಒಪ್ಪಿಸುವ ಪದ್ಧತಿಯು 1883ರಲ್ಲಿ ಲೂಆ ಎಂಬ ಗ್ರಾಮದಲ್ಲಿ ಮೊದಲಾಗಿ, ಈಗಲೂ ಊರೂರಿನಲ್ಲಿ ನಡೆದುಬರುತ್ತಿದೆ. ಎಲ್ಲಿ ಧ್ವನಿ ಏರಬೇಕು, ಎಲ್ಲಿ ನಿಲ್ಲಬೇಕು, ಕೈ ಯಾವಾಗ ಎತ್ತಬೇಕು ಎಂಬುದನ್ನೆಲ್ಲ ಮಗುವಿಗೆ ಕಲಿಸಲಾಗುತ್ತದೆ. ಒಂದು ಜನಾಂಗಕ್ಕೆ ವಾಚನದ ಸಂಸ್ಕಾರ ಬರುವುದು ಇಂತಹ ರೂಢಿಗಳಿಂದ. ಸಾಹಿತ್ಯಸಭೆಗಳು ಆಮೇಲೆ ಹುಟ್ಟಿದ ಸೌಕರ್ಯಗಳು.

ಹೀಗೆ ಬಾಯಲ್ಲಿ ಬೆಳೆದ ಭಾಷೆಗೆ ಒಂದು ಸ್ಥಿರವಾದ ಅಕ್ಷರಮಾಲೆ ಬಂದುದು ತೀರ ಈಚೆಗೆ. 1920ರಲ್ಲಿ ಸ್ಥಾಪಿತವಾದ ಮಾಲ್ಟೀಸ್ ಲೇಖಕರ ಸಂಘವು ಸಿದ್ಧಪಡಿಸಿದ ಲಿಪಿಕ್ರಮವನ್ನು ಸರ್ಕಾರವು 1934ರಲ್ಲಿ ಅಂಗೀಕರಿಸಿತು. ಅದೇ ವರ್ಷ ಭಾಷೆಗೂ ಇಂಗ್ಲಿಷಿನ ಜೊತೆಗೆ ಅಧಿಕೃತ ಸ್ಥಾನ ದೊರೆಯಿತು. ಈ ಲಿಪಿಯನ್ನು ಕಣ್ಣಿನಿಂದ ಮಾತ್ರ ನೋಡುವ ಪರಕೀಯನು ಮೋಸಹೋಗುವುದು ಸಹಜ. ಅದರಲ್ಲಿ ಒಂದು ಜೋಡಿ ಅಕ್ಷರವುಂಟು. ಅರಬ್ಬಿಯ ಪ್ರಾಚೀನ ಕಂಠ್ಯವ್ಯಂಜನದ ಅವಶೇಷವಾದ ಅದು ಬಹುಮಟ್ಟಿಗೆ ತಾನು ಉಚ್ಚರಿತವಾಗದೆ ಪಕ್ಕದ ಸ್ವರವನ್ನು ದೀರ್ಘಗೊಳಿಸಿ ಸುಮ್ಮನಾಗುತ್ತದೆ. ‘ಆನಾ’ ಎಂಬ ಹೆಸರಿನ ಮೊದಲ ದೀರ್ಘವೂ ಅದರಿಂದಲೇ ಬಂದದ್ದು. ಮತ್ತೊಂದು ಅಕ್ಷರವನ್ನು ಉಚ್ಚರಿಸುವಾಗ ಗಂಟಲಿನಲ್ಲಿ ಉಸಿರು ಕ್ಷಣಮಾತ್ರ ಕಟ್ಟಿ ಬಿಡುಗಡೆಯಾಗುತ್ತದೆ. ಪಠನವನ್ನು ಕೇಳುವವನಿಗೆ ಈ ದೀರ್ಘಗಳೂ ಈ ತಡೆಗಳೂ ಸೇರಿ ಪದ್ಯದ ನಡೆಯಾಗುತ್ತವೆ. ಅಷ್ಟೇ ಅಲ್ಲದೆ, ಸೆಮಿಟಿಕ್ ಮೂಲದ ಗಡುಸಾದ ಧಾತುಗಳೂ ಇಟಲಿಯ ಕಡೆಯಿಂದ ಬಂದ, ಸ್ವರಗಳಿಂದ ತುಂಬಿದ ಪದಗಳೂ ಒಂದೇ ಉಸಿರಿನಲ್ಲಿ ಹೇಗೆ ಕೂಡಿ ನಡೆಯುತ್ತವೆ ಎಂಬುದೂ ಆಗ ಮನಸ್ಸಿಗೆ ಬರುತ್ತದೆ.

ಈ ಕೂಡಾಟವನ್ನು ಶಾಸ್ತ್ರೀಯವಾದ ಘನತೆಗೆ ಏರಿಸಿದವನು ದುನ್ ಕರ್ಮ್ ಪ್ಸಾಯ್ಲಾ. 1871ರಲ್ಲಿ ಹುಟ್ಟಿ 1961ರಲ್ಲಿ ಗತಿಸಿದ ಈ ಪಾದ್ರಿಯು ನಲವತ್ತರ ವಯಸ್ಸಿನವರೆಗೆ ಇಟಾಲಿಯನ್ ಭಾಷೆಯಲ್ಲಿ ಕವಿತೆ ಬರೆದು, 1912ರಲ್ಲಿ ಮಾತೃಭಾಷೆಗೆ ತಿರುಗಿ, ಸುನೀತವೇ ಮೊದಲಾದ ಇಟಲಿಯ ಛಂದೋರೂಪಗಳನ್ನು ಮಾಲ್ಟೀಸ್ ಜಾಯಮಾನಕ್ಕೆ ಒಗ್ಗಿಸಿ ರಾಷ್ಟ್ರಕವಿಯೆನಿಸಿದನು. ರಾಬರ್ಟ್ ಸಾಮುತ್ ಎಂಬ ವೈದ್ಯನು ರಚಿಸಿದ್ದ ಒಂದು ಸ್ವರಪ್ರಬಂಧಕ್ಕೆ, ಶಾಲೆಯ ಮಕ್ಕಳು ಹಾಡಲೆಂದು ಅವನು ಬರೆದುಕೊಟ್ಟ ಪ್ರಾರ್ಥನೆಯೇ ಮುಂದೆ ರಾಷ್ಟ್ರಗೀತೆಯಾಯಿತು. ಅವನ ಪದ್ಯವನ್ನು ಓದುವವರು ಅಭಿನಯವನ್ನು ಮಿತಿಯಲ್ಲಿಡಬೇಕು. ಛಂದಸ್ಸು ತಾನಾಗಿಯೇ ಹೊತ್ತು ನಡೆಯಬಲ್ಲ ಭಾವಕ್ಕೆ ಕಂಠದ ಆಡಂಬರ ಸೇರಿದರೆ ಅದು ಕೆಡುತ್ತದೆ.

ಗದ್ಯದ ವಾಚನಕ್ಕೆ ನೆರವಾದುದು ಯಂತ್ರ. 1935ರಲ್ಲಿ ಬ್ರಿಟಿಷ್ ಆಡಳಿತದ ಕಾಲದಲ್ಲಿ, ಇಟಲಿಯಿಂದ ಬರುತ್ತಿದ್ದ ಫ್ಯಾಸಿಸ್ಟ್ ಪ್ರಚಾರಕ್ಕೆ ಪ್ರತಿಯಾಗಿ, ತಂತಿಯ ಮೂಲಕ ಮನೆಮನೆಗೆ ಬಾನುಲಿಯನ್ನು ಮುಟ್ಟಿಸುವ ರೀಡಿಫ್ಯೂಷನ್ ವ್ಯವಸ್ಥೆ ಅಲ್ಲಿ ಆರಂಭವಾಯಿತು. ಅದರ ಉದ್ದೇಶ ರಾಜಕೀಯವೇ ಆಗಿದ್ದರೂ, ಮಾಲ್ಟೀಸ್ ಭಾಷೆಯ ನಾಟಕವೂ ಕಥೆಯೂ ಮನೆಯ ನಡುವಿನಲ್ಲಿ ಕೇಳಿಬರುವಂತಾದುದು ಅದರ ಚಿರಕಾಲದ ಉಪಕಾರ.

ಈಚಿನ ಲೇಖಕರು ಈ ಶ್ರವಣಸಂಸ್ಕಾರವನ್ನು ಬಿಟ್ಟುಕೊಟ್ಟಿಲ್ಲ. ಇಮ್ಮಾನುವೆಲ್ ಮಿಫ್ಸುದ್ ಯುದ್ಧಕಾಲದಲ್ಲಿ ಸೈನಿಕನಾಗಿದ್ದ ತನ್ನ ತಂದೆಯ ದಿನಚರಿಯನ್ನು ಆಧರಿಸಿ ಬರೆದ ಕಿರುಗ್ರಂಥಕ್ಕೆ 2011ರಲ್ಲಿ ಯುರೋಪಿಯನ್ ಒಕ್ಕೂಟದ ಸಾಹಿತ್ಯ ಬಹುಮಾನ ಬಂದಿತು. ತಗ್ಗಿದ ದನಿಯಲ್ಲಿ ಓದಲು ಅದಕ್ಕಿಂತ ಯೋಗ್ಯವಾದ ಗದ್ಯ ಆ ಭಾಷೆಯಲ್ಲಿ ವಿರಳವೆಂದು ನನ್ನ ಎಣಿಕೆ. 2014ರಲ್ಲಿ ಅದೇ ಬಹುಮಾನವನ್ನು ಪಡೆದ ಪಿಯೆರ್ ಮೆಯ್ಲಾಕನ ಸಣ್ಣಕಥೆಗಳು ಒಂದೇ ಕೂರಿಕೆಯಲ್ಲಿ ಕೇಳಿ ಮುಗಿಸುವಷ್ಟು ಹ್ರಸ್ವವಾಗಿವೆ. ಆಂತ್ವಾನ್ ಕಸ್ಸಾರ್ ಎಂಬ ಕವಿಯು ಗಡಿಗಳ ಕ್ರೌರ್ಯವನ್ನು ಕುರಿತ ತನ್ನ ದೀರ್ಘ ಕವಿತೆಯನ್ನು 2009ರಲ್ಲಿ ಪಾಸ್‌ಪೋರ್ಟಿನ ಆಕಾರದ ಪುಸ್ತಿಕೆಯಾಗಿ ಅಚ್ಚುಹಾಕಿಸಿದನು; ಅನೇಕ ಭಾಷೆಗಳಿಗೆ ಅನುವಾದವಾದ ಅದು ರಂಗದ ಮೇಲೂ ಪ್ರಯೋಗಗೊಂಡಿತು.

ಇಂತಹ ವಾಚನಗಳಿಗೆ ಈಗ ದೊಡ್ಡ ಆಶ್ರಯವೆಂದರೆ 1998ರಲ್ಲಿ ಹುಟ್ಟಿದ ಇನಿತ್ಸಿಯಾಮೆಡ್ ಎಂಬ ಸಂಘವು ನಡೆಸುವ ಮೆಡಿಟರೇನಿಯನ್ ಸಾಹಿತ್ಯೋತ್ಸವ. ಪರದೇಶಗಳಿಂದ ಬಂದ ಕವಿಗಳೂ ಸ್ಥಳೀಯರೂ ಉತ್ಸವಕ್ಕೆ ಮುಂಚಿನ ಕೆಲವು ದಿನಗಳು ಒಟ್ಟಿಗೆ ಕುಳಿತು ಒಬ್ಬರ ಕವಿತೆಯನ್ನು ಮತ್ತೊಬ್ಬರು ಅನುವಾದಿಸಿ, ಬಳಿಕ ಬೇಸಗೆಯ ರಾತ್ರಿಗಳಲ್ಲಿ, ಬಯಲು ವೇದಿಕೆಯ ಮೇಲೆ, ತಮ್ಮ ತಮ್ಮ ಭಾಷೆಗಳಲ್ಲಿಯೇ ಓದುತ್ತಾರೆ. ಅರಬ್ಬಿ ಕವಿಯು ಓದುವಾಗ ಮಾಲ್ಟಾದ ಶ್ರೋತೃಗಳಿಗೆ ಅನುವಾದದ ನೆರವಿಲ್ಲದೆಯೇ ಅಲ್ಲೊಂದು ಇಲ್ಲೊಂದು ಪದ ತಿಳಿಯುತ್ತದೆ. ಇಟಲಿಯವನು ಓದುವಾಗ ಅದಕ್ಕಿಂತ ಹೆಚ್ಚು ತಿಳಿಯುತ್ತದೆ. ಮಾಲ್ಟೀಸ್ ಕವಿತೆಯ ಸರದಿ ಬಂದಾಗ ಆ ಇಬ್ಬರು ಅತಿಥಿಗಳೂ ತಮ್ಮ ತಮ್ಮ ಮನೆಯ ಮಾತನ್ನು ಅದರೊಳಗೆ ಗುರುತಿಸುತ್ತಾರೆ.