ಹೆಸರೆಲ್ಲ ಗೊತ್ತುಂಟು, ಕ್ರಿಯಾಪದ ಮಾತ್ರ ಬರುವುದಿಲ್ಲ

ದೇರಳಕಟ್ಟೆ ಕಡೆಯ ಒಬ್ಬ ತಾಯಿ ಗಂಡನ ಜೊತೆ ಶಾರ್ಜಾದಲ್ಲಿದ್ದಾಗ ನಡೆದದ್ದು ಇದು. ಎರಡು ವರ್ಷದ ಮಗಳಿಗೆ ರಾತ್ರಿ ಜ್ವರ ಏರಿತು. ಗಂಡ ಡ್ಯೂಟಿಯಲ್ಲಿದ್ದರು. ಮನೆಯಲ್ಲಿದ್ದ ಜ್ವರದ ಸಿರಪ್ ಕುಡಿಸಿ, ಮಗುವನ್ನು ಎತ್ತಿಕೊಂಡು, ಟ್ಯಾಕ್ಸಿ ಹಿಡಿದು ಹತ್ತಿರದ ಕ್ಲಿನಿಕ್‌ಗೆ ಹೋದರು. ಅಲ್ಲಿದ್ದ ನರ್ಸ್ "ಡಿಡ್ ಯೂ ಗಿವ್ ಹರ್ ದ ಸಿರಪ್?" ಎಂದು ಕೇಳಿದಳು. ತಾಯಿಯ ಕಿವಿಗೆ ಬಿದ್ದದ್ದು ಎರಡೇ ಶಬ್ದ: ಗಿವ್, ಸಿರಪ್. 'ಕುಡಿಸಿ' ಎನ್ನುತ್ತಿದ್ದಾಳೆ ಅಂದುಕೊಂಡು ಬ್ಯಾಗಿನಿಂದ ಬಾಟಲಿ ತೆಗೆದು ಮುಚ್ಚಳಕ್ಕೆ ಹೊಯ್ಯಲು ಶುರು ಮಾಡಿದರು. ಪಕ್ಕದಲ್ಲಿ ಕುಳಿತಿದ್ದ ಕಾಸರಗೋಡಿನ ಹೆಂಗಸೊಬ್ಬರು ಕೈ ಹಿಡಿದು, "ಕುಡಿಸಿದ್ದೀರಾ ಅಂತ ಕೇಳ್ತಾ ಇರುವುದು" ಎಂದು ತಿಳಿಸಿ ಹೇಳಿದರು.

ಪ್ಯಾರಾಸಿಟಮಾಲ್‌ನಂಥ ಮಾಮೂಲಿ ಮದ್ದಿಗೂ ಒಂದು ಡೋಸಿನಿಂದ ಇನ್ನೊಂದು ಡೋಸಿಗೆ 4ರಿಂದ 6 ಗಂಟೆ ಅಂತರ ಬೇಕು. ಇಲ್ಲಿ ಅರ್ಧ ಗಂಟೆ ಕೂಡ ಆಗಿರಲಿಲ್ಲ. ಊರಿಗೆ ಬಂದಾಗ ಆ ತಾಯಿಯೇ ನಮ್ಮಲ್ಲಿ ಈ ಕತೆ ಹೇಳಿದ್ದು. "ನನಗೆ ಇಂಗ್ಲಿಷ್ ಗೊತ್ತೇ ಇಲ್ಲ ಅಂತ ಇಲ್ಲ. ಆ 'ಡಿಡ್' ಒಂದು ತಲೆಗೆ ಹೋಗಲಿಲ್ಲ" ಎಂದರು.

ಅವರು ಹೇಳಿದ್ದು ಸರಿ. ನಮ್ಮ ಮನೆಗಳಲ್ಲಿ ಇಂಗ್ಲಿಷ್ ಶಬ್ದಗಳಿಗೆ ಬರಗಾಲ ಇಲ್ಲ. ಪಾಸ್‌ಪೋರ್ಟ್, ವೀಸಾ, ಟಿಕೆಟ್, ಲಗೇಜ್, ಫ್ರಿಜ್, ಕುಕ್ಕರ್, ಬಿಪಿ, ಶುಗರ್, ಸ್ಕ್ಯಾನಿಂಗ್, ಫೀಸ್, ಡೊನೇಶನ್. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯಂದಿರೂ ದಿನಕ್ಕೆ ನೂರು ಇಂಗ್ಲಿಷ್ ಶಬ್ದ ಆಡುತ್ತಾರೆ. ಆದರೆ ಅವೆಲ್ಲ ಹೆಸರುಗಳು. ಕ್ರಿಯಾಪದ ಬಂದರೂ ನಾವು ಅದನ್ನು ಹೆಸರು ಮಾಡಿಬಿಡುತ್ತೇವೆ. 'ಕಾಲ್' ಎಂಬುದು ಇಂಗ್ಲಿಷಿನಲ್ಲಿ ತಾನೇ ಕೆಲಸ ಮಾಡುವ ಶಬ್ದ. ನಾವು ಅದಕ್ಕೆ ನಮ್ಮದೊಂದು 'ಮಾಡು' ಅಂಟಿಸಿ 'ಕಾಲ್ ಮಾಡು' ಎನ್ನುತ್ತೇವೆ. 'ಅಡ್ಮಿಟ್ ಆದರು', 'ಕ್ಯಾನ್ಸಲ್ ಆಯ್ತು' ಎಲ್ಲ ಹೀಗೆಯೇ. ಆದ್ದರಿಂದ ಇಂಗ್ಲಿಷಿನಲ್ಲಿ ಒಂದು ಪೂರ್ಣ ವಾಕ್ಯ ಹೇಳಬೇಕಾದಾಗ ಬಾಯಿ ಕಟ್ಟುತ್ತದೆ. "ಬೇಬಿ ಫೀವರ್, ಯೆಸ್ಟರ್‌ಡೇ ಹಾಸ್ಪಿಟಲ್, ಟ್ಯಾಬ್ಲೆಟ್" ಎಂದರೆ ಡಾಕ್ಟರಿಗೆ ಏನು ಅರ್ಥವಾಗಬೇಕು? ಮಾತ್ರೆ ಕೊಟ್ಟಾಯಿತೋ, ಕೊಡಬೇಕೋ, ಕೊಟ್ಟದ್ದು ವಾಂತಿಯಾಯಿತೋ?

ಹಾಗಾದರೆ ಎಷ್ಟು ಕ್ರಿಯಾಪದ ಕಲಿಯಬೇಕು? ನಾವು ಭಯಪಡುವಷ್ಟು ಬೇಕಾಗಿಲ್ಲ. ಇಂಗ್ಲೆಂಡಿನ ಸಿ.ಕೆ. ಆಗ್ಡನ್ ಎಂಬ ವಿದ್ವಾಂಸರು 1930ರಲ್ಲಿ 'ಬೇಸಿಕ್ ಇಂಗ್ಲಿಷ್' ಎಂಬ ಒಂದು ಸರಳ ಪದ್ಧತಿ ಪ್ರಕಟಿಸಿದರು. ಹೊರಗಿನವರು ಬೇಗ ಕಲಿಯಲಿ ಎಂದು 850 ಶಬ್ದಗಳನ್ನು ಆರಿಸಿದ್ದರು. ಅದರಲ್ಲಿ ಕ್ರಿಯಾಪದಗಳು 18 ಮಾತ್ರ. ಕಮ್, ಗೋ, ಗೆಟ್, ಗಿವ್, ಟೇಕ್, ಪುಟ್, ಕೀಪ್, ಲೆಟ್, ಮೇಕ್, ಸೇ, ಸೀ, ಸೆಂಡ್, ಸೀಮ್, ಬಿ, ಡೂ, ಹ್ಯಾವ್, ಜೊತೆಗೆ ಮೇ ಮತ್ತು ವಿಲ್. ಉಳಿದ ಕೆಲಸವನ್ನು ಇವುಗಳ ಬೆನ್ನಿಗೆ ಇನ್, ಔಟ್, ಅಪ್, ಆಫ್ ಸೇರಿಸಿ ನಡೆಸಬಹುದು ಎಂಬುದು ಅವರ ಲೆಕ್ಕ. 'ಎಂಟರ್' ಗೊತ್ತಿಲ್ಲದಿದ್ದರೆ 'ಗೋ ಇನ್'. 'ರಿಟರ್ನ್' ಗೊತ್ತಿಲ್ಲದಿದ್ದರೆ 'ಕಮ್ ಬ್ಯಾಕ್'. 'ಪೋಸ್ಟ್‌ಪೋನ್' ಬಾಯಿಗೆ ಬಾರದಿದ್ದರೆ 'ಪುಟ್ ಆಫ್'. ಆ ಪಟ್ಟಿಯಲ್ಲಿ 'ಈಟ್' ಇಲ್ಲ, 'ವಾಂಟ್' ಇಲ್ಲ. ಅದು ನಮಗೆ ಆಗುವ ಮಾತಲ್ಲ. ಊಟ ಇಲ್ಲದ ಭಾಷೆ ಬ್ಯಾರಿಗಳಿಗೆ ಯಾಕೆ? ಈಟ್, ಡ್ರಿಂಕ್, ವಾಂಟ್, ನೀಡ್, ನೋ, ಬ್ರಿಂಗ್, ಪೇ ಎಂದು ಏಳೆಂಟು ಸೇರಿಸಿಕೊಳ್ಳಿ. ಇಪ್ಪತ್ತೈದರೊಳಗೆ ಮನೆ, ಅಂಗಡಿ, ಆಸ್ಪತ್ರೆಯ ವ್ಯವಹಾರ ಹೆಚ್ಚುಕಡಿಮೆ ಮುಗಿಯುತ್ತದೆ.

ತೊಂದರೆ ಇರುವುದು ಸಂಖ್ಯೆಯಲ್ಲಿ ಅಲ್ಲ, ಒಂದಕ್ಕೊಂದು ಸರಿಯಾಗಿ ಕೂರದಿರುವುದರಲ್ಲಿ. ನಮ್ಮ 'ಹಾಕು' ನೋಡಿ. ಸಾರಿಗೆ ಉಪ್ಪು ಹಾಕುತ್ತೇವೆ, ಬುರ್ಖಾ ಹಾಕುತ್ತೇವೆ, ಲೈಟ್ ಹಾಕುತ್ತೇವೆ, ಬಾಗಿಲು ಹಾಕುತ್ತೇವೆ, ಸಹಿ ಹಾಕುತ್ತೇವೆ, ರಜೆ ಹಾಕುತ್ತೇವೆ. ಡಿಕ್ಷನರಿ ತೆರೆದರೆ ಹಾಕು ಎಂದರೆ 'ಪುಟ್'. ಉಪ್ಪಿಗೆ ಅದು ಸರಿ. ಬುರ್ಖಾಕ್ಕೆ 'ಪುಟ್ ಆನ್' ಆಗಬೇಕು. ಲೈಟಿಗೂ 'ಪುಟ್ ಆನ್' ನಡೆಯುತ್ತದೆ, 'ಟರ್ನ್ ಆನ್' ಕೂಡ ಸರಿಯೇ. ಬಾಗಿಲಿಗೆ 'ಕ್ಲೋಸ್', ಸಹಿಗೆ 'ಸೈನ್'. ರಜೆಗೆ ಮಾತ್ರ 'ಟೇಕ್'. 'ಪುಟ್ ದ ಡೋರ್' ಎಂದರೆ ಕೇಳಿದವರು ಬಾಗಿಲನ್ನು ಎಲ್ಲಿ ಇಡಬೇಕು ಎಂದು ಯೋಚಿಸಿಯಾರು.

'ಟೇಕ್' ಇದರ ಉಲ್ಟಾ. ನಾವು ಬೇರೆ ಬೇರೆ ಶಬ್ದದಲ್ಲಿ ಹೇಳುವುದನ್ನೆಲ್ಲ ಇಂಗ್ಲಿಷ್ ಈ ಒಂದೇ ಶಬ್ದಕ್ಕೆ ಹೊರಿಸುತ್ತದೆ. ನಾವು ಬಸ್ ಹಿಡಿಯುತ್ತೇವೆ, ಫೋಟೊ ತೆಗೆಯುತ್ತೇವೆ, ಮದ್ದು ಕುಡಿಯುತ್ತೇವೆ, ಮಗುವನ್ನು ಶಾಲೆಗೆ ಕರೆದುಕೊಂಡು ಹೋಗುತ್ತೇವೆ, ಒಂದು ಕೆಲಸಕ್ಕೆ ಎರಡು ದಿನ ಹಿಡಿಯಿತು ಅನ್ನುತ್ತೇವೆ. ಎಲ್ಲದಕ್ಕೂ ಅಲ್ಲಿ 'ಟೇಕ್'. ಡಾಕ್ಟರು "ಟೇಕ್ ದಿಸ್ ಆಫ್ಟರ್ ಫುಡ್" ಎಂದರೆ ಕೈಗೆ ತಗೊಳ್ಳಿ ಅಂತ ಅಲ್ಲ, ಊಟದ ನಂತರ ಸೇವಿಸಿ ಅಂತ. 'ತಗೊಂಡು ಬಾ' ಎಂದಾಗ ಮಾತ್ರ ಅದು 'ಬ್ರಿಂಗ್' ಆಗುತ್ತದೆ, 'ತಗೊಂಡು ಹೋಗು' ಆದರೆ ಮತ್ತೆ 'ಟೇಕ್'. ಮಾತಾಡುವವನ ಕಡೆಗೆ ಬರುವುದು ಬ್ರಿಂಗ್, ಅವನಿಂದ ದೂರ ಹೋಗುವುದು ಟೇಕ್ ಎಂದು ನೆನಪಿಟ್ಟರೆ ಸಾಕು.

'ಗೆಟ್' ಬಗ್ಗೆ ಒಂದು ತಮಾಷೆ ಹೇಳಲೇಬೇಕು. ವೀಸಾ ಸಿಕ್ಕಿತು ಎನ್ನಲು 'ಗಾಟ್', ಸುಸ್ತಾಯಿತು ಎನ್ನಲೂ 'ಗಾಟ್ ಟಯರ್ಡ್', ಏಳು ಎನ್ನಲು 'ಗೆಟ್ ಅಪ್'. ಆದರೆ ನಮ್ಮೂರಲ್ಲಿ 'ಗೆಟ್ ಔಟ್' ಎಂದರೆ ಮೇಷ್ಟ್ರು ತರಗತಿಯಿಂದ ಹೊರಗೆ ಹಾಕುವಾಗ ಆಡುವ ಮಾತು, ಮಹಾ ಅವಮಾನ. ಹೊರದೇಶದಲ್ಲಿ ಟ್ಯಾಕ್ಸಿ ಡ್ರೈವರ್ "ಯೂ ಕ್ಯಾನ್ ಗೆಟ್ ಔಟ್ ಹಿಯರ್" ಎಂದರೆ ಸಿಟ್ಟು ಮಾಡಬೇಡಿ ಮಾರಾಯ್ರೆ. ನೀವು ಇಲ್ಲಿ ಇಳಿಯಬಹುದು ಎಂದಷ್ಟೇ ಅರ್ಥ. ಕಾರಿನಿಂದ ಇಳಿದರೆ ಗೆಟ್ ಔಟ್, ಬಸ್ಸಿನಿಂದ ಇಳಿದರೆ ಗೆಟ್ ಆಫ್.

ನಮ್ಮ ಕರಾವಳಿಯ 'ಉಂಟು' ಎಂಬುದಕ್ಕೆ ಇಂಗ್ಲಿಷಿನಲ್ಲಿ ಎರಡು ದಾರಿ. ಮೂಲೆಯಲ್ಲಿ ಅಂಗಡಿ ಉಂಟು ಎನ್ನಲು 'ದೇರ್ ಈಸ್'. ನನ್ನಲ್ಲಿ ಚಿಲ್ಲರೆ ಉಂಟು, ನನಗೆ ಜ್ವರ ಉಂಟು ಎನ್ನಲು 'ಐ ಹ್ಯಾವ್'. ಇಲ್ಲಿ ಇನ್ನೊಂದು ವಿಷಯವನ್ನೂ ಗಮನಿಸಬೇಕು. ನಾವು ನನಗೆ ಹಸಿವಾಗಿದೆ, ನನಗೆ ಗೊತ್ತು, ನನಗೆ ಬೇಕು ಎಂದು ಎಲ್ಲದಕ್ಕೂ 'ನನಗೆ' ಎನ್ನುತ್ತೇವೆ. ಆ ಅಭ್ಯಾಸದಲ್ಲಿ ಇಂಗ್ಲಿಷಿನಲ್ಲೂ 'ಮಿ' ಎಂದು ಶುರು ಮಾಡುತ್ತೇವೆ. ಇಂಗ್ಲಿಷಿನಲ್ಲಿ ಎಲ್ಲ ಕಡೆ 'ಐ': ಐ ಆಮ್ ಹಂಗ್ರಿ, ಐ ನೋ, ಐ ವಾಂಟ್. 'ಇಂಗ್ಲಿಷ್ ಬರುತ್ತದಾ' ಎಂದು ಇಂಟರ್‌ವ್ಯೂನಲ್ಲಿ ಕೇಳಿದರೆ 'ಕಮ್' ತರಬೇಡಿ. "ಐ ನೋ ಎ ಲಿಟಲ್ ಇಂಗ್ಲಿಷ್" ಎಂದರೆ ಮುಗಿಯಿತು.

'ಮಾಡು' ಎಂಬುದು 'ಡೂ' ಮತ್ತು 'ಮೇಕ್' ಎಂದು ಒಡೆಯುತ್ತದೆ. ಮಾಡಿದ ಮೇಲೆ ಕೈಗೆ ಸಿಗುವ ಒಂದು ವಸ್ತು ಉಂಟಾದರೆ ಸಾಮಾನ್ಯವಾಗಿ ಮೇಕ್: ಟೀ, ಪತ್ತಿರ್, ಬಿರಿಯಾನಿ. ಕೆಲಸ, ಹೋಂವರ್ಕ್, ಪಾತ್ರೆ ತೊಳೆಯುವುದು ಡೂ. ಈ ನಿಯಮಕ್ಕೆ ಅಪವಾದ ಬೇಕಾದಷ್ಟಿವೆ, ಆದರೂ ಅಡುಗೆಮನೆಗೆ ಸಾಕು. 'ಇಡು' ಕೂಡ ಎರಡಾಗುತ್ತದೆ. ಗ್ಲಾಸನ್ನು ಮೇಜಿನ ಮೇಲೆ ಇಡುವುದು 'ಪುಟ್'. ಇಟ್ಟದ್ದು ಅಲ್ಲೇ ಇರಬೇಕಾದರೆ 'ಕೀಪ್'. ಔಷಧಿಯ ಬಾಟಲಿಯ ಮೇಲೆ ಮಕ್ಕಳ ಕೈಗೆ ಸಿಗದಂತೆ ಇಡಿ ಎನ್ನುವಲ್ಲಿ 'ಕೀಪ್' ಇರುವುದು ಇದಕ್ಕೇ.

ಬಾಟಲಿಯ ಮಾತು ಬಂತು. ಇಂಗ್ಲಿಷ್ ಮೀಡಿಯಂ ಮಕ್ಕಳು ಲೇಬಲ್ಲನ್ನು ಗಟ್ಟಿಯಾಗಿ ಓದುತ್ತಾರೆ, ಅರ್ಥ ಕೇಳಿದರೆ ತಡವರಿಸುತ್ತಾರೆ. ಇವಿಷ್ಟನ್ನು ಮನೆಯವರೆಲ್ಲ ತಿಳಿದಿರಬೇಕು. ಶೇಕ್ ಎಂದರೆ ಕುಲುಕು, ಸ್ವಾಲೋ ಎಂದರೆ ನುಂಗು, ಚ್ಯೂ ಎಂದರೆ ಜಗಿ, ಡಿಸಾಲ್ವ್ ಎಂದರೆ ನೀರಲ್ಲಿ ಕರಗಿಸು. 'ಅಪ್ಲೈ' ಎಂದರೆ ನಮಗೆಲ್ಲ ಅರ್ಜಿ ಹಾಕುವುದು ಮಾತ್ರ ಗೊತ್ತು. ಮುಲಾಮಿನ ಟ್ಯೂಬಿನಲ್ಲಿ ಅದೇ ಶಬ್ದಕ್ಕೆ ಹಚ್ಚು ಎಂದು ಅರ್ಥ.

ಈಗ ಆ 'ಡಿಡ್'. ಕನ್ನಡದಲ್ಲಿ ಪ್ರಶ್ನೆ ಕೊನೆಯಲ್ಲಿ ಬರುತ್ತದೆ: ಕೊಟ್ಟಿರಾ, ಹೋದಿರಾ. ಇಂಗ್ಲಿಷಿನಲ್ಲಿ ಅದು ವಾಕ್ಯದ ತಲೆಯಲ್ಲೇ ಕೂರುತ್ತದೆ. ಮೊದಲ ಶಬ್ದ 'ಡಿಡ್' ಆದರೆ ಆಗಿಹೋದದ್ದರ ಬಗ್ಗೆ ಕೇಳುತ್ತಿದ್ದಾರೆ, 'ಡೂ' ಆದರೆ ವಾಡಿಕೆಯ ಬಗ್ಗೆ, 'ವಿಲ್' ಆದರೆ ಮುಂದೆ ಆಗಬೇಕಾದದ್ದರ ಬಗ್ಗೆ. ವಾಕ್ಯ 'ಗಿವ್' ಎಂದೇ ಶುರುವಾದರೆ ಅದು ಕೊಡಿ ಎಂಬ ಸೂಚನೆ. 'ಡೋಂಟ್ ಗಿವ್' ಆದರೆ ಕೊಡಬೇಡಿ. ಅಂದರೆ ಕಿವಿ ಕೊಡಬೇಕಾದದ್ದು ಮೊದಲ ಶಬ್ದಕ್ಕೆ. ನಾವು ನಮ್ಮ ಭಾಷೆಯ ರೂಢಿಯಲ್ಲಿ ಕೊನೆಗೆ ಕಾಯುತ್ತೇವೆ, ಅಷ್ಟರಲ್ಲಿ ಪ್ರಶ್ನೆ ದಾಟಿಹೋಗಿರುತ್ತದೆ.

ಭೂತಕಾಲ ಎಂದ ಕೂಡಲೇ ಹೈಸ್ಕೂಲಿನ 'ಗೋ, ವೆಂಟ್, ಗಾನ್' ನೆನಪಾಗಿ ಕೆಲವರಿಗೆ ಬೆವರು ಬರುತ್ತದೆ. ಆದರೆ ಇಲ್ಲಿ ಬ್ಯಾರಿಗಳಿಗೆ ಒಂದು ಅನುಕೂಲ ಉಂಟು, ಅದನ್ನು ಯಾವ ಟೀಚರೂ ನಮಗೆ ಹೇಳಿಕೊಡಲಿಲ್ಲ. ಕನ್ನಡದಲ್ಲಿ ಹೋದೆ, ಹೋದ, ಹೋದಳು, ಹೋದರು ಎಂದು ಯಾರು ಎಂಬುದರ ಮೇಲೆ ಬಾಲ ಬದಲಾಗುತ್ತದೆ. ಬ್ಯಾರಿ ಭಾಷೆಯಲ್ಲಿ, ಮಲಯಾಳದ ಹಾಗೆಯೇ, ಈ ಬಾಲವೇ ಇಲ್ಲ. ನಾನು ಹೋದರೂ ಅವಳು ಹೋದರೂ ಕ್ರಿಯಾಪದ ಒಂದೇ. ಇಂಗ್ಲಿಷಿನಲ್ಲೂ ಹಾಗೆಯೇ: ಐ ವೆಂಟ್, ಶೀ ವೆಂಟ್, ದೇ ವೆಂಟ್. ದರ್ಸ್‌ನಲ್ಲಿ ಸರ್ಫ್ ಕಲಿತ ಮುತಅಲ್ಲಿಮರನ್ನು ಕೇಳಿ ನೋಡಿ. ಅರಬಿಯ ಒಂದು ಕ್ರಿಯಾಪದಕ್ಕೆ ಭೂತಕಾಲದಲ್ಲಿ 14 ರೂಪಗಳನ್ನು ಬಾಯಿಪಾಠ ಮಾಡಿರುತ್ತಾರೆ. ಅವನು, ಅವರಿಬ್ಬರು, ಅವರೆಲ್ಲ, ಅವಳು ಎಂದು ಹೋಗುತ್ತದೆ ಆ ಸಾಲು. ಇಂಗ್ಲಿಷ್ ಕೇಳುವುದು ಒಂದೇ ರೂಪ. 'ಬಿ' ಒಂದಕ್ಕೆ ಮಾತ್ರ ವಾಸ್, ವರ್ ಎಂದು ಎರಡು. ವರ್ತಮಾನದಲ್ಲಿ ಹೀ, ಶೀ, ಇಟ್ ಬಂದಾಗ ಕೊನೆಗೊಂದು 'ಸ್' ಸೇರುತ್ತದೆ. ಹದಿನಾಲ್ಕು ಕಲಿತ ಮಗುವಿಗೆ ಇದು ಏನು ಮಹಾ?

ಆಸ್ಪತ್ರೆಯ ನಂತರ ಕ್ರಿಯಾಪದಕ್ಕೆ ಬೆಲೆ ತೆರಬೇಕಾದ ಇನ್ನೊಂದು ಜಾಗ ಕೆಲಸದ ಕರಾರುಪತ್ರ. ನಮ್ಮ ಹುಡುಗರು ಸಂಬಳದ ಅಂಕಿ ನೋಡುತ್ತಾರೆ, ಸಹಿ ಹಾಕುತ್ತಾರೆ. ನೋಡಬೇಕಾದದ್ದು ಅಂಕಿಯ ಹಿಂದಿನ ಸಣ್ಣ ಶಬ್ದ. ಕಂಪೆನಿ 'ಶಲ್ ಪ್ರೊವೈಡ್' ರೂಮ್ ಎಂದಿದ್ದರೆ ಕೊಡಲೇಬೇಕು. 'ಮೇ ಪ್ರೊವೈಡ್' ಎಂದಿದ್ದರೆ ಕೊಡಬಹುದು, ಕೊಡದೆಯೂ ಇರಬಹುದು. ಆಗ್ಡನ್‌ರ ಹದಿನೆಂಟರಲ್ಲಿ ಈ 'ಮೇ'ಗೆ ಜಾಗ ಸಿಕ್ಕಿದ್ದು ಸುಮ್ಮನೆ ಅಲ್ಲ. 'ಡಿಡಕ್ಟ್' ಎಂದರೆ ಸಂಬಳದಿಂದ ಕಡಿತ, 'ರಿನ್ಯೂ' ಎಂದರೆ ಅವಧಿ ಮುಂದುವರಿಸುವುದು, 'ಟರ್ಮಿನೇಟ್' ಎಂದರೆ ಅವರು ನಮ್ಮನ್ನು ತೆಗೆಯುವುದು. 'ರಿಸೈನ್' ಎಂಬುದರ ಒಳಗೆ 'ಸೈನ್' ಇದೆ ಎಂದು ಮತ್ತೊಮ್ಮೆ ಸಹಿ ಅಂದುಕೊಂಡರೆ ಕೆಲಸವೇ ಹೋದೀತು. ಅದು ರಾಜೀನಾಮೆ.

ಯುಎಇಯಲ್ಲಿ 2016ರಿಂದ ಕೆಲಸದ ಆಫರ್ ಪತ್ರವನ್ನು ಅರಬಿ, ಇಂಗ್ಲಿಷ್ ಜೊತೆಗೆ ಕಾರ್ಮಿಕನಿಗೆ ತಿಳಿಯುವ ಇನ್ನೊಂದು ಭಾಷೆಯಲ್ಲೂ ಕೊಡುವ ವ್ಯವಸ್ಥೆ ಬಂತು. ಆಗ ಆರಿಸಿದ ಭಾಷೆಗಳಲ್ಲಿ ಹಿಂದಿ, ಉರ್ದು, ತಮಿಳು, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಮಲಯಾಳಂ ಕೇಳಿದರೆ ನಮಗೆ ತಿಳಿಯುತ್ತದೆ, ಆದರೆ ಲಿಪಿ ಓದಲು ಬರುವವರು ನಮ್ಮಲ್ಲಿ ಎಷ್ಟು ಜನ? ಕೊನೆಗೆ ಆ ಇಂಗ್ಲಿಷ್ ಪುಟವನ್ನೇ ಓದಬೇಕು. ಅರ್ಥವಾಗದಿದ್ದರೆ ಸಹಿಗೆ ಮೊದಲು ಓದಿದವರೊಬ್ಬರಿಗೆ ತೋರಿಸಬೇಕು.

ಐದನೇ ತರಗತಿಯಲ್ಲಿ ಎಬಿಸಿಡಿ ಶುರು ಮಾಡಿದ ತಲೆಮಾರು ನಮ್ಮದು. ಮಕ್ಕಳು ಒಂದನೇ ಕ್ಲಾಸಿನಿಂದಲೇ ಓದುತ್ತಿದ್ದಾರೆ. ಕೋಚಿಂಗ್ ಕ್ಲಾಸಿಗೆ ಸಾವಿರಾರು ರೂಪಾಯಿ ಕೊಡುವ ಮೊದಲು ಮನೆಯಲ್ಲೇ ಒಂದು ತಿಂಗಳು ನೋಡಬಾರದೇ? ಫರಂಗಿಪೇಟೆಯ ಒಂದು ಮನೆಯಲ್ಲಿ ಇಶಾ ಆದ ಮೇಲೆ ಊಟಕ್ಕೆ ಕುಳಿತಾಗ ಪ್ರತಿಯೊಬ್ಬರೂ ಆ ದಿನ ತಾನು ಮಾಡಿದ್ದನ್ನು ಮೂರು ಇಂಗ್ಲಿಷ್ ವಾಕ್ಯದಲ್ಲಿ ಹೇಳಬೇಕು ಎಂಬ ಕಾಯಿದೆ ಮಾಡಿದ್ದಾರೆ. ತಪ್ಪಿದರೆ ನಗಬಾರದು. ತಿದ್ದುವ ಕೆಲಸ ಆರನೇ ಕ್ಲಾಸಿನ ಹುಡುಗಿಯದ್ದು. ನಾವು ಹೋದ ದಿನ ಬಾಪ ಎರಡನೇ ವಾಕ್ಯಕ್ಕೇ ನಿಂತುಬಿಟ್ಟರು. ಮನೆಯ ಅಜ್ಜಿ ಮಾತ್ರ ಸೆರಗು ಸರಿಮಾಡಿಕೊಂಡು ನಿಧಾನವಾಗಿ ಹೇಳಿದರು: "ಐ ವೆಂಟ್ ಕಿಚನ್. ಐ ಮೇಡ್ ಪತ್ತಿರ್. ಯೂ ಆಲ್ ಏಟ್."

"ವೆಂಟ್ ಟು ದ ಕಿಚನ್" ಎಂದು ಹುಡುಗಿ ತಿದ್ದಿದಳು. ಕ್ರಿಯಾಪದ ಮೂರೂ ಸರಿ ಇದ್ದವು.