ಹುಡುಕು ಸರ್ವರ್‌ಗೂ ಗುರುತು ದೃಢೀಕರಣ ಅಗತ್ಯ

ಕೋಲಾರ, ಮಾಲೂರು, ಮುಳಬಾಗಿಲು ಹಾಗೂ ಶ್ರೀನಿವಾಸಪುರ ತಾಲ್ಲೂಕುಗಳ ಗ್ರಾಮ ಪಂಚಾಯಿತಿಗಳ ಮಾನ್ಯ ಸದಸ್ಯರ ಮಾಹಿತಿಗಾಗಿ.

ಇ-ಸ್ವತ್ತು ತಂತ್ರಾಂಶದಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರ ಡಿಜಿಟಲ್ ಸಹಿಯಿಲ್ಲದೆ ನಮೂನೆ 9 ಮತ್ತು 11 ವಿತರಣೆಯಾಗದು. ಸಿಬ್ಬಂದಿಗೆ ಇರುವ ಇಂತಹ ನಿರ್ಬಂಧವು ಯಂತ್ರಗಳ ನಡುವೆಯೂ ಇರತಕ್ಕದ್ದು.

ದೊಡ್ಡ ದತ್ತಾಂಶ ವ್ಯವಸ್ಥೆಗಳಲ್ಲಿ ಯಾವ ಮಾಹಿತಿ ಎಲ್ಲಿದೆ, ಅದು ಯಾವ ವರ್ಗಕ್ಕೆ ಸೇರಿದೆ ಎಂಬ ಲೆಕ್ಕವನ್ನು ಅಪಾಚೆ ಅಟ್ಲಾಸ್‌ನಂತಹ ತಂತ್ರಾಂಶವು ಇಡುತ್ತದೆ. ಹುಡುಕುವ ಕೆಲಸವನ್ನು ಮಾತ್ರ ಸೋಲರ್ ಅಥವಾ ಎಲಾಸ್ಟಿಕ್‌ಸರ್ಚ್ ಎಂಬ ಬೇರೊಂದು ಸರ್ವರ್‌ಗೆ ವಹಿಸುತ್ತದೆ. ಈ ಸರ್ವರ್ ಗುರುತು ಕೇಳದಿದ್ದರೆ, ಜಾಲದೊಳಗೆ ಬಂದ ಯಾರಾದರೂ ಅಲ್ಲಿನ ಸೂಚಿಯನ್ನು ಓದಬಹುದು, ಅಳಿಸಲೂಬಹುದು. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟಂತೆ. ಎಲಾಸ್ಟಿಕ್‌ಸರ್ಚ್‌ನಲ್ಲಿ ಈ ರಕ್ಷಣೆ ತಾನಾಗಿ ಜಾರಿಗೆ ಬಂದದ್ದು 2022ರ 8ನೇ ಆವೃತ್ತಿಯಿಂದ. ಸೋಲರ್‌ನಲ್ಲಿ ನಿರ್ವಾಹಕರೇ ಅದನ್ನು ಅಳವಡಿಸಬೇಕು.

ತಂತ್ರಾಂಶಕ್ಕೆ ಪ್ರತ್ಯೇಕ ಬಳಕೆದಾರ ಹೆಸರು ಹಾಗೂ ಗುಪ್ತಪದ ನೀಡುವುದು ಸರಳ ವಿಧಾನ. ಆದರೆ ಸಂಪರ್ಕವು ಗೂಢಲಿಪಿಯಲ್ಲಿ ಇಲ್ಲದಿದ್ದರೆ ಗುಪ್ತಪದವನ್ನು ದಾರಿಯಲ್ಲೇ ಓದಬಹುದು. ಕರ್ಬರೋಸ್ ಪದ್ಧತಿಯಲ್ಲಿ ಮೂರನೆಯ ಸರ್ವರೊಂದು ಅಲ್ಪಾವಧಿಯ ಟಿಕೆಟ್ ನೀಡುತ್ತದೆ. ಗುಪ್ತಪದವು ಜಾಲದಲ್ಲಿ ಸಂಚರಿಸುವುದೇ ಇಲ್ಲ.

ಖಾಸಗಿ ಸಂಸ್ಥೆಯ ತಂತ್ರಾಂಶ ಪಡೆಯುವ ಪ್ರಸ್ತಾವವು ಸಭೆಗೆ ಬಂದಾಗ ಹುಡುಕು ಸರ್ವರ್ ಗುರುತು ಕೇಳುತ್ತದೆಯೇ, ಗುಪ್ತಪದ ಯಾರ ವಶದಲ್ಲಿದೆ, ಗುತ್ತಿಗೆ ಮುಗಿದ ದಿನ ಅದನ್ನು ಬದಲಿಸುವವರು ಯಾರು ಎಂದು ಸದಸ್ಯರು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ದಾಖಲಿಸತಕ್ಕದ್ದು.